ಪಕ್ಷದ ಹೆಸರು ಹಿಡಿದೇ ಪ್ರಶ್ನಿಸಿದ ನಿರ್ದೇಶಕ: ಲೂಯಿಸ್ ಎಸ್ತ್ರಾದಾ ಅವರ ಚಿತ್ರಗಳು

ಮೆಕ್ಸಿಕೊವನ್ನು ಏಳು ದಶಕಗಳ ಕಾಲ ಆಳಿದ ಪಿ.ಆರ್.ಐ. (ಇನ್‌ಸ್ಟಿಟ್ಯೂಷನಲ್ ರೆವಲ್ಯೂಷನರಿ ಪಾರ್ಟಿ) ಪಕ್ಷವನ್ನು, ಅದು ಇನ್ನೂ ಅಧಿಕಾರದಲ್ಲಿ ಇರುವಾಗಲೇ, ಹೆಸರು ಹಿಡಿದು ತೆರೆಯ ಮೇಲೆ ತಂದು ನಿಲ್ಲಿಸಿದವರು ಲೂಯಿಸ್ ಎಸ್ತ್ರಾದಾ. 1962ರಲ್ಲಿ ಹುಟ್ಟಿದ, ನಿರ್ದೇಶಕ ಹೋಸೆ ಎಸ್ತ್ರಾದಾ ಅವರ ಮಗನಾದ ಇವರ ಆರಂಭದ ಚಿತ್ರಗಳಲ್ಲಿ ಈ ದನಿ ಇಷ್ಟು ಗಟ್ಟಿಯಾಗಿರಲಿಲ್ಲ. ಅದು ಸ್ಪಷ್ಟವಾಗಿ ಕೇಳಿಸಿದ್ದು 1999ರ ‘ಲಾ ಲೇ ದೆ ಎರೋದೆಸ್’ ಚಿತ್ರದಲ್ಲಿ.

ಕತೆ ನಡೆಯುವುದು 1949ರಲ್ಲಿ, ಬರಡು ನೆಲದ ಒಂದು ಕುಗ್ರಾಮದಲ್ಲಿ. ಹಿಂದಿನ ಮೇಯರ್ ಜನರ ಕೈಯಲ್ಲಿ ಸತ್ತ ಮೇಲೆ, ಹೇಳಿದಂತೆ ಕೇಳುವ ಹುವಾನ್ ವರ್ಗಾಸ್ ಎಂಬ ಕೆಳಹಂತದ ಕಾರ್ಯಕರ್ತನನ್ನು ಪಕ್ಷ ಅಲ್ಲಿಗೆ ಕಳಿಸುತ್ತದೆ. ಊರಿಗೆ ಒಳ್ಳೆಯದು ಮಾಡಬೇಕೆಂದೇ ಬಂದ ಆತ ಹಣ ಕೇಳಲು ಮೇಲಿನವರ ಬಳಿಗೆ ಹೋದಾಗ, ಅವನ ಕೈಗೆ ಸಿಗುವುದು ಒಂದು ಕಾನೂನಿನ ಪುಸ್ತಕ ಮತ್ತು ಒಂದು ಪಿಸ್ತೂಲು. ಇವೆರಡನ್ನೂ ಬಳಸಿ ದಂಡ ವಸೂಲಿಗೆ ಇಳಿದವನು ಕೊಲೆಯವರೆಗೂ ಹೋಗುವ ಹಾದಿಯನ್ನು ದಾಮಿಯಾನ್ ಅಲ್ಕಾಸಾರ್ ಎಷ್ಟು ಸಹಜವಾಗಿ ಅಭಿನಯಿಸಿದ್ದಾರೆಂದರೆ, ಆತ ಕೆಟ್ಟದ್ದು ಯಾವ ಗಳಿಗೆಯಲ್ಲಿ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಎಸ್ತ್ರಾದಾ ಅವರ ಶ್ರೇಷ್ಠ ಕೃತಿ ಇದೇ. ಸರ್ಕಾರಿ ಚಲನಚಿತ್ರ ಸಂಸ್ಥೆಯೇ ಬಿಡುಗಡೆಗೆ ಅಡ್ಡಗಾಲು ಹಾಕಿದ್ದು ಚಿತ್ರದ ಪ್ರಚಾರಕ್ಕೇ ಒದಗಿತು. 2000ದ ಜುಲೈ ಚುನಾವಣೆಯಲ್ಲಿ ಪಕ್ಷ ಅಧ್ಯಕ್ಷ ಪದವಿ ಕಳೆದುಕೊಂಡಿತು. ಸೋಲಿಗೆ ಚಿತ್ರವೇ ಕಾರಣವೆಂದರೆ ಅತಿಯಾದೀತು, ಆದರೆ ಜನರ ಮನಸ್ಸಿನಲ್ಲಿದ್ದ ಮಾತನ್ನು ಅದು ಮೊದಲೇ ಆಡಿತ್ತು.

ಸರ್ಕಾರ ಬದಲಾದರೂ ಎಸ್ತ್ರಾದಾ ಸುಮ್ಮನಾಗಲಿಲ್ಲ ಎಂಬುದು ಅವರ ಬಗ್ಗೆ ಗೌರವ ಹೆಚ್ಚಿಸುವ ಸಂಗತಿ. 2006ರ ‘ಉನ್ ಮುಂದೊ ಮರವಿಯೋಸೊ’ ಬಡತನವನ್ನು ಅಂಕಿಅಂಶಗಳಲ್ಲಿ ಅಡಗಿಸುವ ಆರ್ಥಿಕ ನೀತಿಯನ್ನು ತರಾಟೆಗೆ ತೆಗೆದುಕೊಳ್ಳುತ್ತದೆ; ಚಿತ್ರ ಸಾಧಾರಣ. ಸ್ವಾತಂತ್ರ್ಯ ಹೋರಾಟದ ಇನ್ನೂರನೇ ವರ್ಷದ ಸಂಭ್ರಮ ನಡೆಯುತ್ತಿದ್ದ 2010ರಲ್ಲಿ ಬಂದ ‘ಎಲ್ ಇನ್ಫಿಯೆರ್ನೊ’ ಮಾತ್ರ ಎದೆ ನಡುಗಿಸುತ್ತದೆ. ಅಮೆರಿಕದಿಂದ ಗಡೀಪಾರಾಗಿ ಹುಟ್ಟೂರಿಗೆ ಮರಳಿದ ಬೆನ್ನಿ, ಬೇರೆ ದುಡಿಮೆಯಿಲ್ಲದೆ ಮಾದಕವಸ್ತು ದಂಧೆಗೆ ಸೇರುತ್ತಾನೆ. ಆಚರಿಸಲು ಏನೂ ಇಲ್ಲ ಎಂದು ಪೋಸ್ಟರ್‌ನಲ್ಲೇ ಸಾರಿದ ಈ ಚಿತ್ರ ಅತ್ಯುತ್ತಮ ಚಿತ್ರಕ್ಕೆ ನೀಡುವ, ಮೆಕ್ಸಿಕೊ ಚಿತ್ರರಂಗದ ಆರಿಯೆಲ್ ಪ್ರಶಸ್ತಿ ಗಳಿಸಿತು.

2012ರಲ್ಲಿ ಪಿ.ಆರ್.ಐ. ಅಧಿಕಾರಕ್ಕೆ ಮರಳಿತು. 2014ರ ‘ಲಾ ದಿಕ್ತದೂರಾ ಪೆರ್ಫೆಕ್ತಾ’ ಟಿವಿ ವಾಹಿನಿಗಳೂ ರಾಜಕಾರಣಿಗಳೂ ಸೇರಿ ಸುದ್ದಿಯನ್ನು ಹೇಗೆ ಹೆಣೆಯುತ್ತಾರೆಂದು ತೋರಿಸುತ್ತದೆ. ಹಗರಣದಲ್ಲಿ ಸಿಕ್ಕಿಬಿದ್ದ ರಾಜ್ಯಪಾಲನ ಮೇಲಿನ ಕಣ್ಣು ತಪ್ಪಿಸಲು ಅವಳಿ ಮಕ್ಕಳ ಅಪಹರಣದ ಸುದ್ದಿ ಬಳಕೆಯಾಗುವ ಭಾಗ ಬಲು ಹರಿತ. 2023ರ ‘ಕೆ ವಿವಾ ಮೆಹಿಕೊ’ದಲ್ಲಿ ಅವರ ನೋಟ ಎಡಪಂಥೀಯ ಸರ್ಕಾರದ ಕಾಲದತ್ತ ಹೊರಳಿದೆ. ಮೂರು ಗಂಟೆಗೂ ಮೀರಿದ ಈ ಚಿತ್ರದಲ್ಲಿ ಬಡವರೂ ಶ್ರೀಮಂತರೂ ಒಂದೇ ಸಮನೆ ಕಿರುಚಾಡುತ್ತಾರೆ. ವರ್ಗಾಸ್‌ನ ಪತನದಲ್ಲಿದ್ದ ಸೂಕ್ಷ್ಮತೆ ಇಲ್ಲಿ ಕಾಣದಿರುವುದು ನೋವಿನ ವಿಷಯ. ಹೊಸದಾಗಿ ನೋಡುವವರು ಇದನ್ನು ಕೊನೆಗಿಟ್ಟು, 1999ರ ಚಿತ್ರದಿಂದ ಆರಂಭಿಸಿ ನೇರವಾಗಿ 2010ರ ಚಿತ್ರಕ್ಕೆ ಹೋಗುವುದು ಒಳ್ಳೆಯದು.