ಕನ್ನಡ ಪುಸ್ತಕ ಕೊಳ್ಳಲು ಅಂಗಡಿಯೋ, ಆ್ಯಪೋ, ಪ್ರಕಾಶಕರೋ?

ಯಾವ ಪುಸ್ತಕ ಬೇಕು ಅಂತ ಗೊತ್ತಿದ್ದರೆ ಆನ್‌ಲೈನಲ್ಲೇ ತರಿಸಿಕೊಳ್ಳಿ. ಅದರಲ್ಲೂ ಆದಷ್ಟು ಪ್ರಕಾಶಕರಿಂದಲೇ. ಹೊಸದುರ್ಗದಂಥ ತಾಲ್ಲೂಕು ಊರಿನಲ್ಲಿದ್ದುಕೊಂಡು ಮೂರೂ ಕಡೆ ಕೊಂಡು ನೋಡಿದ ಮೇಲೆ ಹೇಳುತ್ತಿದ್ದೇನೆ.

ನಮ್ಮಲ್ಲಿ ಬುಕ್ ಸ್ಟಾಲ್ ಅಂದರೆ ನೋಟ್‌ಬುಕ್, ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಅಷ್ಟೇ. ಕಾದಂಬರಿ ಕೇಳಿದರೆ ತರಿಸಿ ಕೊಡ್ತೀವಿ ಅನ್ನುತ್ತಾರೆ, ಆದರೆ ಒಂದೇ ಪ್ರತಿ ತರಿಸಿದರೆ ಅವರಿಗೂ ಗಿಟ್ಟಬೇಕಲ್ವಾ. ಬೆಂಗಳೂರಿನ ಗಾಂಧಿನಗರದ ಸಪ್ನಕ್ಕೋ ಗಾಂಧಿ ಬಜಾರಿನ ಅಂಕಿತಕ್ಕೋ ಹೋದರೆ ಸಿಗುತ್ತದೆ ನಿಜ. ಶಕ್ತಿ ಯೋಜನೆಯಿಂದ ನನಗೆ ಟಿಕೆಟ್ ದುಡ್ಡು ಉಳಿಯುತ್ತದೆ, ಆದರೆ ಇಡೀ ದಿನ ಬಸ್ಸಿನಲ್ಲೇ ಕಳೆದುಹೋಗುತ್ತದೆ.

ಎಲ್ಲವನ್ನೂ ಮಾರುವ ದೊಡ್ಡ ಆ್ಯಪ್‌ಗಳಲ್ಲಿ ವಾಪಸ್ ಕೊಡುವುದು ಸಲೀಸು. ಹಾಳೆ ಬಿಟ್ಟುಹೋದ ಪ್ರತಿ ಬಂದಾಗ ಫೋಟೊ ಹಾಕಿದೆ, ಬೇರೆ ಪ್ರತಿ ಕಳಿಸಿದರು. ಕ್ಯಾಶ್ ಆನ್ ಡೆಲಿವರಿಯೂ ಇದೆ. ತೊಂದರೆ ಬೆಲೆಯಲ್ಲಿ. ಪ್ರತಿಗಳು ಮುಗಿದ ಪುಸ್ತಕವನ್ನು ಯಾರೋ ಮಾರಾಟಗಾರರು ಮುಖಬೆಲೆಯ ಎರಡರಷ್ಟಕ್ಕೆ ಇಟ್ಟಿರುತ್ತಾರೆ, ಅದನ್ನು ನೋಡಿದರೆ ಸಿಟ್ಟು ಬರುತ್ತದೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ತೆರಿಗೆ ಅನ್ನುವ ಸಬೂಬೂ ನಡೆಯುವುದಿಲ್ಲ. ಹಿಂಬದಿಯ ಬೆಲೆ ನೋಡದೆ ಆರ್ಡರ್ ಮಾಡಬೇಡಿ. ಇನ್ನೊಂದು, ಹುಡುಕುವಾಗ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಟೈಪ್ ಮಾಡಿ ನೋಡಿ, ಯಾಕೆಂದರೆ ದೀರ್ಘಕ್ಕೆ ಒಬ್ಬರು ಒಂದು 'ಎ' ಹಾಕಿದರೆ ಇನ್ನೊಬ್ಬರು ಎರಡು ಹಾಕಿರುತ್ತಾರೆ, ಪುಸ್ತಕ ಇದ್ದರೂ ಕಣ್ಣಿಗೆ ಬೀಳುವುದಿಲ್ಲ.

ನನಗೆ ಇಷ್ಟವಾದದ್ದು ಮೂರನೆಯದು, ಪ್ರಕಾಶಕರ ಸ್ವಂತ ವೆಬ್‌ಸೈಟ್ ಅಥವಾ ವಾಟ್ಸ್‌ಆ್ಯಪ್ ನಂಬರ್. ಹೆಸರು, ವಿಳಾಸ ಕಳಿಸಿ ಯುಪಿಐ ಮಾಡಿದರೆ ಆಯಿತು, ಅಂಚೆಯಲ್ಲೋ ಕೊರಿಯರಿನಲ್ಲೋ ಮನೆಗೇ ಬರುತ್ತದೆ. ರಟ್ಟು ಸುತ್ತಿ ಕಳಿಸುವುದರಿಂದ ಮೂಲೆ ಮಡಚಿರುವುದಿಲ್ಲ. ರಾಜ್ಯೋತ್ಸವದ ನವೆಂಬರಿನಲ್ಲಿ ರಿಯಾಯಿತಿ ಇರುತ್ತದೆ. ಹೊಸ ಪುಸ್ತಕವನ್ನು ಬಿಡುಗಡೆಗೆ ಮೊದಲೇ ಕಾದಿರಿಸಿದರೆ ಎಷ್ಟೋ ಸಲ ಲೇಖಕರ ಸಹಿ ಇರುವ ಪ್ರತಿಯೇ ಸಿಗುತ್ತದೆ. ನಡುವಿನವರ ಕಮಿಷನ್ ಉಳಿದು ಪ್ರಕಾಶಕರ ಕೈಗೆ ಜಾಸ್ತಿ ದುಡ್ಡು ಸೇರುತ್ತದೆ ಅನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ, ಅದರಿಂದಲೇ ಅಲ್ವಾ ಮುಂದಿನ ಪುಸ್ತಕ ಅಚ್ಚಾಗುವುದು. ಒಂದೇ ಪುಸ್ತಕ ತರಿಸಿದರೆ ಅಂಚೆ ಖರ್ಚು ಭಾರ ಅನ್ನಿಸುತ್ತದೆ, ಅದಕ್ಕೆ ಗೆಳತಿಯರೆಲ್ಲ ಸೇರಿ ಒಟ್ಟಿಗೆ ತರಿಸುತ್ತೇವೆ.

ನಿಘಂಟು, ಮಕ್ಕಳ ಚಿತ್ರಪುಸ್ತಕ ಮಾತ್ರ ಇವತ್ತಿಗೂ ಅಂಗಡಿಯಲ್ಲೇ ಕೊಳ್ಳುತ್ತೇನೆ. ಅಕ್ಷರ ಎಷ್ಟು ದಪ್ಪ, ಬಣ್ಣ ಹೇಗೆ ಬಂದಿದೆ, ಬೈಂಡಿಂಗ್ ಹೊಲಿಗೆಯದೋ ಬರೀ ಅಂಟೋ, ಇದೆಲ್ಲ ಬಿಚ್ಚಿ ನೋಡದೆ ಗೊತ್ತಾಗುವುದಿಲ್ಲ. ಪ್ರಕಾಶಕರು ಮುಖಪುಟದ ಜೊತೆ ಒಳಪುಟಗಳ ನಾಲ್ಕು ಫೋಟೊ ಹಾಕಿದರೆ ಅವನ್ನೂ ಮನೆಯಿಂದಲೇ ತರಿಸಬಹುದು.