ತಿರುಗುವ ಪಜಲ್‌ಗೆ ಪಿಎಲ್‌ಎಯೋ, ಪಿಇಟಿಜಿಯೋ, ರೆಸಿನ್ನೋ?

ರೂಬಿಕ್ಸ್ ಕ್ಯೂಬಿನಂಥ ತಿರುಗುವ ಪಜಲ್ಲನ್ನು 3ಡಿ ಪ್ರಿಂಟರಿನಲ್ಲಿ ಮುದ್ರಿಸಲು ಇಲ್ಲಿ ಮೂರು ವಸ್ತುಗಳ ಆಯ್ಕೆ: ಕರಗಿಸಿ ಪದರ ಪದರವಾಗಿ ಹಾಕುವ ಪ್ಲಾಸ್ಟಿಕ್ ಎಳೆಯಾಗಿ (ಫಿಲಮೆಂಟ್) ಬರುವ ಪಿಎಲ್‌ಎ ಮತ್ತು ಪಿಇಟಿಜಿ, ಬೆಳಕಿಗೆ ಗಟ್ಟಿಯಾಗುವ ದ್ರವವಾದ ರೆಸಿನ್. ಸ್ವಂತ ವಿನ್ಯಾಸದ ಕ್ಯೂಬಿನ ಮೊದಲ ಪ್ರತಿ ಪಿಎಲ್‌ಎಯಲ್ಲೇ ಆಗಲಿ. ಮೊದಲ ಸಲಕ್ಕೇ ಸಲೀಸಾಗಿ ತಿರುಗುವ ವಿನ್ಯಾಸ ಅಪರೂಪ. ಅಳತೆ ತಿದ್ದಿ ಮತ್ತೆ ಮತ್ತೆ ಮುದ್ರಿಸಲು ಅಗ್ಗದ, ತಂಟೆಯಿಲ್ಲದ ವಸ್ತುವೇ ಬೇಕು.

ಬಾಳಿಕೆಗೆ ಬಂದರೆ ಲೆಕ್ಕ ಬದಲಾಗುತ್ತದೆ. ಅಂಚಿನ ತುಂಡನ್ನು ಒಳಗೆ ಹಿಡಿದಿಡುವ ಕಾಲು ತೆಳು. ಪದರಗಳು ಅದಕ್ಕೆ ಅಡ್ಡವಾಗಿ ಕೂತರೆ ಪಿಎಲ್‌ಎ ಅಲ್ಲೇ ಪಟ್ಟನೆ ಮುರಿಯುತ್ತದೆ, ಹಾಗಾಗಿ ಕಾಲನ್ನು ಮಲಗಿಸಿ ಮುದ್ರಿಸಿ. ಪಿಇಟಿಜಿ ತುಸು ಬಾಗಿ ತಾಳಿಕೊಳ್ಳುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೂ ಬೇಗ ಸೊಟ್ಟಗಾಗದು: ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾದರೆ ಇದು 80ರ ಹತ್ತಿರ. ಆದರೆ ಪಿಇಟಿಜಿ ಮುದ್ರಿಸುವಾಗ ತೆಳು ನೂಲಿನಂಥ ಎಳೆಗಳನ್ನು ಬಿಡುತ್ತದೆ. ಫಿಲಮೆಂಟನ್ನು ಚೆನ್ನಾಗಿ ಒಣಗಿಸಿ, ಉಜ್ಜಾಡುವ ಮುಖಗಳನ್ನು ಮರಳು ಕಾಗದದಿಂದ ತಿಕ್ಕಲೇಬೇಕು. ದಿನವೂ ಕೈಯಲ್ಲಾಡುವ ಪಜಲ್‌ಗೆ ಈ ಶ್ರಮ ಸಾರ್ಥಕ.

ತುಂಡುಗಳು ತೀರಾ ಚಿಕ್ಕವಾದರೆ, ಅಥವಾ ಪ್ರದರ್ಶನಕ್ಕಿಡುವುದಾದರೆ ರೆಸಿನ್. 0.05 ಮಿ.ಮೀ. ಪದರದ ನುಣುಪು ಫಿಲಮೆಂಟಿನಲ್ಲಿ ಸಿಗದು. ಸಾಮಾನ್ಯ ರೆಸಿನ್ ಕೆಳಗೆ ಬಿದ್ದರೆ ಒಡೆಯುತ್ತದೆ, ಪೆಟ್ಟು ತಾಳುವ ಟಫ್ ರೆಸಿನ್ನನ್ನೇ ಆರಿಸಿ. ಕೈಗವಸು, ಆಲ್ಕೋಹಾಲಿನಲ್ಲಿ ತೊಳೆಯುವುದು, ಗಾಳಿಯಾಡುವ ಕೋಣೆ ಇವಕ್ಕೆ ಅನುಕೂಲವಿಲ್ಲದ ಮನೆಯಲ್ಲಿ ರೆಸಿನ್ ಬೇಡ.

ತುಂಡುಗಳ ನಡುವೆ ಬಿಡುವ ಸಂದನ್ನು ಫಿಲಮೆಂಟಿಗೆ ಪ್ರತಿ ಮುಖಕ್ಕೆ 0.15, ರೆಸಿನ್ನಿಗೆ 0.1 ಮಿ.ಮೀ.ನಿಂದ ಶುರು ಮಾಡಿ. ನಡುವಿನ ಕೋರ್, ಸ್ಕ್ರೂ, ಸ್ಪ್ರಿಂಗುಗಳನ್ನು ಮಾತ್ರ ಯಾವುದಾದರೂ ಅಗ್ಗದ 3×3 ಕ್ಯೂಬಿನಿಂದ ಬಿಚ್ಚಿಕೊಳ್ಳಿ. ಮುದ್ರಿಸಿದ ಕೋರಿನಲ್ಲಿ ಸ್ಕ್ರೂ ಬೇಗ ಸಡಿಲವಾಗುತ್ತದೆ.