ಎರಡು ಚಾನೆಲ್‌ನ ಬ್ಯಾಟರಿ ಟೆನ್ಸ್ ಯಂತ್ರ: ಸೊಂಟನೋವಿಗೂ ದಂಪತಿಗಳ ಖಾಸಗಿ ಆಟಕ್ಕೂ ಬಳಸಿದ ಮೇಲೆ

ಸೊಂಟನೋವಿಗೆಂದು ಫಿಜಿಯೋಥೆರಪಿಗೆ ಹೋಗಿ ಬಂದವರಿಗೆ ‘ಕರೆಂಟ್ ಕೊಡುವುದು’ ಎಂದರೆ ಏನೆಂದು ಗೊತ್ತಿರುತ್ತದೆ. ಅಲ್ಲಿ ಬಳಸುವ, ಚರ್ಮದ ಮೇಲಿಂದ ನರಗಳಿಗೆ ಸಣ್ಣ ಕರೆಂಟು ಕೊಡುವ ಟೆನ್ಸ್ ಯಂತ್ರದ ಮನೆಬಳಕೆಯ ಮಾದರಿಯೊಂದು ನಮ್ಮಲ್ಲಿ ಹಲವು ವರ್ಷಗಳಿಂದ ಇದೆ. ಅದು ಅಂಗೈಯಷ್ಟು ಚಿಕ್ಕದು, 9 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತದೆ, ಎರಡು ಚಾನೆಲ್‌ಗಳಿಗೆ, ಅಂದರೆ ಎರಡು ಜೋಡಿ ಪ್ಯಾಡ್‌ಗಳಿಗೆ, ಕರೆಂಟನ್ನು ಹೆಚ್ಚು ಕಡಿಮೆ ಮಾಡುವ ಎರಡು ಪ್ರತ್ಯೇಕ ತಿರುಗುಣಿಗಳಿವೆ. ಮೊದಲು ನನ್ನ ಪತಿಯ ಸೊಂಟನೋವಿಗೆ ತಂದದ್ದನ್ನು, ಆಮೇಲೆ ಇಬ್ಬರೂ ಮಾತಾಡಿಕೊಂಡು, ಇಬ್ಬರ ಪೂರ್ಣ ಒಪ್ಪಿಗೆಯಿಂದ ನಮ್ಮ ಖಾಸಗಿ ಸುಖಕ್ಕೂ ಬಳಸತೊಡಗಿದೆವು. ನೋವಿಗೆ ಇದು ಎಷ್ಟು ಉಪಯುಕ್ತವೆಂದು ಹೇಳುವ ವಿಮರ್ಶೆಗಳು ಬೇಕಾದಷ್ಟಿವೆ. ಎರಡನೆಯ ಬಳಕೆಯನ್ನು ಯಾರೂ ಬಾಯಿ ಬಿಟ್ಟು ಹೇಳದಿರುವುದರಿಂದ ಜನ ತಮಗೆ ತೋಚಿದಂತೆ ಮಾಡಿ ಅಪಾಯಕ್ಕೆ ಸಿಲುಕುತ್ತಾರೆ ಎಂಬ ಕಳವಳದಿಂದ ಇದನ್ನು ಬರೆಯುತ್ತಿದ್ದೇನೆ.

ನೋವಿನ ಸಂಕೇತವನ್ನು ಬೆನ್ನುಹುರಿಯ ಮಟ್ಟದಲ್ಲಿಯೇ ತಡೆಯಬಹುದು ಎಂಬ ‘ಗೇಟ್ ಕಂಟ್ರೋಲ್’ ಸಿದ್ಧಾಂತವನ್ನು ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದರು. ಟೆನ್ಸ್ ಅದರ ಬೆನ್ನಿಗೇ ಬೆಳೆದು ಬಂದ ಸಾಧನ. ಚರ್ಮಕ್ಕೆ ಅಂಟಿಸಿದ ಎರಡು ಪ್ಯಾಡ್‌ಗಳ ನಡುವೆ ಅದು ಅತಿ ಚಿಕ್ಕ ವಿದ್ಯುತ್ ಮಿಡಿತಗಳನ್ನು ಹರಿಸುತ್ತದೆ. ಇಂತಹ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದೊಂದು ಮಿಡಿತವೂ 50ರಿಂದ 250 ಮೈಕ್ರೋಸೆಕೆಂಡ್‌ನಷ್ಟೇ ಇರುತ್ತದೆ; ಸೆಕೆಂಡಿಗೆ ಸುಮಾರು 2ರಿಂದ 150 ಮಿಡಿತಗಳು. ಗರಿಷ್ಠ ಮಟ್ಟದಲ್ಲಿ 80 ಮಿಲಿಆಂಪಿಯರ್‌ವರೆಗೂ ಹೋಗುವ ಮಾದರಿಗಳಿವೆ. ಮನೆಯ 230 ವೋಲ್ಟ್, 50 ಹರ್ಟ್ಸ್ ಕರೆಂಟಿನಲ್ಲಿ ಸುಮಾರು 10 ಮಿಲಿಆಂಪಿಯರ್ ಹರಿದರೂ ಹಿಡಿದ ತಂತಿಯನ್ನು ಬಿಡಲಾಗದಂತೆ ಸ್ನಾಯುಗಳು ಬಿಗಿಯುತ್ತವೆ, ಆದ್ದರಿಂದಲೇ ಮನೆಗಳ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆರುವ ಸ್ವಿಚ್ಚು) 30 ಮಿಲಿಆಂಪಿಯರ್ ಸೋರಿದೊಡನೆ ಕಡಿತಗೊಳಿಸುತ್ತದೆ. ಹಾಗಿದ್ದರೆ 80 ಏಕೆ ಕೊಲ್ಲುವುದಿಲ್ಲ? ಮನೆಯ ಕರೆಂಟಿನ ಒಂದು ಅರ್ಧ ಆವರ್ತ 10 ಮಿಲಿಸೆಕೆಂಡ್‌ನಷ್ಟು ಉದ್ದ, ಟೆನ್ಸ್‌ನ ಮಿಡಿತ ಅದರ ನಲವತ್ತನೆಯ ಒಂದು ಪಾಲನ್ನೂ ಮೀರುವುದಿಲ್ಲ. ಅಷ್ಟು ಕಡಿಮೆ ಹೊತ್ತಿನ ಮಿಡಿತ ಚರ್ಮದ ಕೆಳಗಿನ ನರಗಳನ್ನು ಸುಲಭವಾಗಿ ಎಬ್ಬಿಸುತ್ತದೆ, ಹೃದಯದ ಸ್ನಾಯುವನ್ನು ಅಷ್ಟು ಸುಲಭವಾಗಿ ಎಬ್ಬಿಸುವುದಿಲ್ಲ. ಆದರೆ ‘ಅಷ್ಟು ಸುಲಭವಾಗಿ’ ಎಂಬುದು ‘ಎಂದಿಗೂ ಇಲ್ಲ’ ಎಂದಾಗುವುದಿಲ್ಲ, ಮತ್ತು ಸುರಕ್ಷತೆಯ ವಿಚಾರವೆಲ್ಲ ಇಲ್ಲಿಂದಲೇ ಆರಂಭವಾಗುತ್ತದೆ.

ಎಷ್ಟು ಜೋರಾಗಿ ಚುರುಗುಟ್ಟಿತು ಎಂಬುದಕ್ಕಿಂತ ಕರೆಂಟು ಎಲ್ಲಿಂದ ಎಲ್ಲಿಗೆ ಹಾದುಹೋಯಿತು ಎಂಬುದೇ ಮುಖ್ಯ. ಒಂದು ಕೈಯಿಂದ ಇನ್ನೊಂದು ಕೈಗೆ, ಎದೆಯ ಒಂದು ಪಕ್ಕದಿಂದ ಇನ್ನೊಂದಕ್ಕೆ, ಎರಡು ಮೊಲೆತೊಟ್ಟುಗಳ ನಡುವೆ, ಎದೆಯಿಂದ ಬೆನ್ನಿಗೆ ಪ್ಯಾಡ್ ಹಚ್ಚಿದರೆ ಹೃದಯ ಆ ದಾರಿಯಲ್ಲೇ ಸಿಗುತ್ತದೆ. ಹೃದಯ ಲಯ ತಪ್ಪಿದರೆ ಅದು ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಕತ್ತಿನ ಮುಂಭಾಗದಲ್ಲಿ ರಕ್ತದೊತ್ತಡವನ್ನು ಗ್ರಹಿಸುವ ನರತುದಿಗಳೂ ಗಂಟಲಿನ ಸ್ನಾಯುಗಳೂ ಇರುವುದರಿಂದ ಅಲ್ಲಿ ಕರೆಂಟು ಕೊಟ್ಟರೆ ತಲೆ ಸುತ್ತಿ ಬೀಳಬಹುದು, ಉಸಿರು ಕಟ್ಟಬಹುದು. ತಲೆ ಮತ್ತು ಕಣ್ಣಿನ ಹತ್ತಿರವಂತೂ ಯೋಚಿಸಲೂ ಬಾರದು. ಫಿಜಿಯೋಥೆರಪಿಸ್ಟ್ ಭುಜಕ್ಕೂ ಹಚ್ಚುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ಅವರು ಪ್ಯಾಡ್‌ಗಳನ್ನು ಒಂದೇ ಬದಿಯಲ್ಲಿ, ರೋಗಿಯ ಆರೋಗ್ಯ ವಿಚಾರಿಸಿಕೊಂಡು, ಪಕ್ಕದಲ್ಲೇ ನಿಂತು ಬಳಸುತ್ತಾರೆ. ಉದ್ವೇಗದಲ್ಲಿರುವ ಇಬ್ಬರು ಮಲಗುವ ಕೋಣೆಯಲ್ಲಿ ಆ ಲೆಕ್ಕವನ್ನು ಕಾಪಾಡಿಕೊಳ್ಳುವುದು ಕಷ್ಟ. ಆದ್ದರಿಂದ ಆಟದಲ್ಲಿ ಸೊಂಟದಿಂದ ಮೇಲೆ ಪ್ಯಾಡ್ ಹೋಗುವುದಿಲ್ಲ ಎಂಬುದು ನಮ್ಮ ಮನೆಯ ನಿಯಮ, ಅದಕ್ಕೆ ವಿನಾಯಿತಿ ಇಲ್ಲ. ಕೆಲವು ಅಗ್ಗದ ಯಂತ್ರಗಳಲ್ಲಿ ಎರಡು ಚಾನೆಲ್‌ಗಳು ಒಳಗೆ ಪೂರ್ತಿ ಪ್ರತ್ಯೇಕವಾಗಿರುವುದಿಲ್ಲ, ಒಂದರ ಕರೆಂಟು ಇನ್ನೊಂದರ ಪ್ಯಾಡಿನ ಕಡೆಗೆ ಹರಿಯಬಲ್ಲದು. ಹಾಗಾಗಿ ನಾಲ್ಕೂ ಪ್ಯಾಡ್‌ಗಳಿಗೆ ಇದೇ ನಿಯಮ ಅನ್ವಯಿಸುತ್ತದೆ.

ಬ್ಯಾಟರಿಯಿಂದಷ್ಟೇ ನಡೆಯುವುದು ಈ ಯಂತ್ರದ ಅತಿ ದೊಡ್ಡ ಗುಣ ಎಂಬುದು ನನ್ನ ಅಭಿಪ್ರಾಯ. ಗೋಡೆಯ ಪ್ಲಗ್ಗಿಗೂ ದೇಹಕ್ಕೂ ನಡುವೆ ಯಾವ ಸಂಬಂಧವೂ ಇಲ್ಲ. ಚಾರ್ಜ್ ಮಾಡುವ ಮಾದರಿಗಳನ್ನು ಕೊಂಡವರು ಚಾರ್ಜರ್ ಚುಚ್ಚಿರುವಾಗ ಪ್ಯಾಡ್ ಹಚ್ಚಲೇಬಾರದು. ಕಳಪೆ ಚಾರ್ಜರ್ ಒಳಗೆ ಕೆಟ್ಟರೆ ಮನೆಯ 230 ವೋಲ್ಟ್ ನೇರವಾಗಿ ಮೈಗೆ ಬರಬಹುದು. ಹಾಡು ಕೇಳುವ ಆಂಪ್ಲಿಫೈಯರ್‌ನಿಂದ ತಂತಿ ಎಳೆಯುವುದು, ಸೊಳ್ಳೆ ಬ್ಯಾಟನ್ನು ಮೈಗೆ ತಾಗಿಸುವುದು, ಹೊಲದ ಸೋಲಾರ್ ಬೇಲಿಯ ಯಂತ್ರವನ್ನು ಬಳಸುವುದು ಇವೆಲ್ಲ ಕೇಳಲು ಸಲೀಸು ಅನ್ನಿಸಿದರೂ ಮನುಷ್ಯನ ದೇಹಕ್ಕೆ ಇಷ್ಟೇ ಕೊಡಬೇಕು ಎಂಬ ಮಿತಿಯನ್ನು ಇಟ್ಟುಕೊಂಡು ತಯಾರಾದವುಗಳಲ್ಲ. ಗಾಜಿನ ಕೊಳವೆಯಿಂದ ನೇರಳೆ ಕಿಡಿ ಹಾರಿಸುವ ವಯೊಲೆಟ್ ವಾಂಡ್ ಬೇರೆಯೇ ಬಗೆಯ ಸಾಧನ, ಇಲ್ಲಿ ಬರೆದದ್ದನ್ನು ಅದಕ್ಕೆ ಹೊಂದಿಸಿಕೊಳ್ಳಬಾರದು. ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಚ್ಚಿದ ಮೈಯಲ್ಲಿ ಅದರ ಕಿಡಿಯಿಂದ ಬೆಂಕಿ ಹೊತ್ತಿಕೊಳ್ಳಬಹುದು ಎಂಬುದನ್ನಷ್ಟೇ ಹೇಳುತ್ತೇನೆ.

ಇನ್ನು ಸುಟ್ಟಗಾಯದ ವಿಚಾರ. ಒಂದೇ ಪ್ರಮಾಣದ ಕರೆಂಟು ದೊಡ್ಡ ಪ್ಯಾಡಿನಲ್ಲಿ ಹರಡಿಕೊಳ್ಳುತ್ತದೆ, ಚಿಕ್ಕ ಬಿಂದುವಿನಲ್ಲಿ ಗುಂಪುಗೂಡುತ್ತದೆ. ಇಂತಹ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡವು ಪ್ರತಿ ಚದರ ಸೆಂಟಿಮೀಟರಿಗೆ ಮಿಡಿತಗಳ ಪರಿಣಾಮಕಾರಿ ಸರಾಸರಿ 2 ಮಿಲಿಆಂಪಿಯರ್ ದಾಟಿದರೆ ಬಳಕೆದಾರರನ್ನು ಎಚ್ಚರಿಸಬೇಕು ಎನ್ನುವುದು ಈ ಕಾರಣಕ್ಕಾಗಿ. ನಾವು 5 ಸೆಂಟಿಮೀಟರ್ ಚೌಕದ ಪ್ಯಾಡ್‌ಗಳಿಗಿಂತ ಚಿಕ್ಕದನ್ನು ಬಳಸುವುದಿಲ್ಲ. ಪ್ಯಾಡಿನ ಅಂಟು ಒಣಗಿದರೆ, ಅಂಚು ಎದ್ದರೆ ಉಳಿದ ತುಣುಕಿನಲ್ಲಿ ಮಾತ್ರ ಕರೆಂಟು ಹರಿದು ಚುಚ್ಚಿದಂತಾಗುತ್ತದೆ. ಹಾಗಾದೊಡನೆ ಅದನ್ನು ಎಸೆಯಬೇಕು. ಬೆಳ್ಳಿಯ ಉಡಿದಾರ, ಗೆಜ್ಜೆ, ಕಾಲುಂಗುರ, ಚುಚ್ಚಿಸಿಕೊಂಡ ರಿಂಗು ಎಲ್ಲವನ್ನೂ ತೆಗೆದಿಡಬೇಕು. ದೇಹದ ಒಳಗಿನ ತೇವದ ಪೊರೆ ಚರ್ಮದಷ್ಟು ತಡೆಯೊಡ್ಡುವುದಿಲ್ಲವಾದ್ದರಿಂದ, ಹೊರಗೆ ಹಿತವೆನಿಸಿದ ಅಂಕಿಯೇ ಅಲ್ಲಿ ತೀರಾ ಹೆಚ್ಚಾಗುತ್ತದೆ. ಅದಕ್ಕೆಂದೇ ತಯಾರಿಸಿದ ಎಲೆಕ್ಟ್ರೋಡ್ ಇಲ್ಲದೆ ಆ ಗೊಡವೆಗೆ ಹೋಗಬಾರದು. ಪ್ಯಾಡ್ ಸರಿಸುವ ಮೊದಲು, ಕೀಳುವ ಮೊದಲು ಯಂತ್ರವನ್ನು ಸೊನ್ನೆಗೆ ತಂದು ಆರಿಸಬೇಕು.

ಪೇಸ್‌ಮೇಕರ್ ಅಥವಾ ಎದೆಯೊಳಗೆ, ಲಯ ತಪ್ಪಿದ ಹೃದಯವನ್ನು ಸರಿಪಡಿಸುವ ಡಿಫಿಬ್ರಿಲೇಟರ್ ಇರುವವರು, ಹೃದಯದ ಲಯದ ತೊಂದರೆ ಇರುವವರು, ಮೂರ್ಛೆರೋಗದವರು, ಗರ್ಭಿಣಿಯರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು ಈ ಆಟದಿಂದ ದೂರವಿರಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರನ್ನು ವಿಶೇಷವಾಗಿ ನೆನೆಯುತ್ತೇನೆ, ಏಕೆಂದರೆ ನಮ್ಮ ಬಹಳಷ್ಟು ಮನೆಗಳಲ್ಲಿ ಆ ಕಾಯಿಲೆ ಇದೆ. ಸುಡುತ್ತಿರುವುದು ಅವರಿಗೆ ತಿಳಿಯುವುದೇ ಇಲ್ಲ.

ತಿರುಗುಣಿ ಯಾರ ಕೈಯಲ್ಲಿದ್ದರೂ ನಿಲ್ಲಿಸುವ ಅಧಿಕಾರ ಕರೆಂಟು ಪಡೆಯುತ್ತಿರುವವರದ್ದೇ. ನಾವು ಅದಕ್ಕಾಗಿ ‘ಆಫ್’ ಎಂಬ ಒಂದೇ ಮಾತನ್ನು ಇಟ್ಟುಕೊಂಡಿದ್ದೇವೆ. ಅದು ಬಾಯಿಂದ ಬಂದ ಮೇಲೆ ಪ್ರಶ್ನೆಯಿಲ್ಲ. ಸ್ನಾಯು ಒಮ್ಮೆಲೇ ಬಿಗಿದರೆ ನಿಂತವರು ಬೀಳುವುದರಿಂದ ಮಲಗಿಯೇ ಬಳಸುತ್ತೇವೆ. ಮದ್ಯ ಕುಡಿದ ದಿನ, ಒಬ್ಬರಿಗೆ ನಿದ್ದೆ ಬರುತ್ತಿರುವಾಗ, ಸ್ನಾನದ ಮನೆಯಲ್ಲಿ ಇದನ್ನು ಮುಟ್ಟುವುದಿಲ್ಲ. ಒಬ್ಬರನ್ನು ಕಟ್ಟಿಹಾಕಿ ಇನ್ನೊಬ್ಬರು ಕೋಣೆಯಿಂದ ಹೊರಗೆ ಹೋಗುವುದಂತೂ ಕ್ರೌರ್ಯ.

ಎದೆನೋವು, ಎದೆ ಡವಗುಟ್ಟುವುದು, ತಲೆಸುತ್ತು, ಉಸಿರಾಟದ ತೊಂದರೆ ಕಾಣಿಸಿದರೆ ಯಂತ್ರ ಆರಿಸಿ, ಪ್ಯಾಡ್ ತೆಗೆದು, 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ತಪ್ಪಿ ಉಸಿರಾಟ ನಿಂತಿದ್ದರೆ ಆಂಬ್ಯುಲೆನ್ಸ್ ಬರುವವರೆಗೂ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 5 ಸೆಂಟಿಮೀಟರ್‌ನಷ್ಟು ಆಳಕ್ಕೆ ಒತ್ತುತ್ತಿರಬೇಕು. ವೈದ್ಯರ ಮುಂದೆ ನಾಚಿಕೆಯಿಂದ ಬೇರೆ ಕಥೆ ಕಟ್ಟಿದರೆ ಅವರು ಇಸಿಜಿ ತೆಗೆಯುವುದು ತಡವಾಗಬಹುದು. ಕರೆಂಟು ಎಲ್ಲಿಂದ ಎಲ್ಲಿಗೆ ಹರಿಯಿತು, ಎಷ್ಟು ಹೊತ್ತು ಎಂಬುದನ್ನು ಇದ್ದದ್ದು ಇದ್ದಂತೆ ಹೇಳಬೇಕು.

ಯಂತ್ರದ ಬಗ್ಗೆ ನನ್ನ ಅಸಮಾಧಾನ ಎರಡು. ತಂತಿ ಪಿನ್ನಿನ ಬಳಿ ಒಳಗೊಳಗೇ ತುಂಡಾಗಿ ಕರೆಂಟು ನಿಂತು ಮತ್ತೆ ಹಠಾತ್ತನೆ ಬಂದು ಬೆಚ್ಚಿಬೀಳಿಸುತ್ತದೆ, ಆದ್ದರಿಂದ ಹೊಸ ತಂತಿಯ ಜೋಡಿಯನ್ನು ಯಾವಾಗಲೂ ಮನೆಯಲ್ಲಿ ಇಟ್ಟಿರುತ್ತೇವೆ. ಪ್ಯಾಡ್ ಕಳಚಿದರೆ ತಾನಾಗಿಯೇ ಸೊನ್ನೆಗೆ ಇಳಿಯುವ ವ್ಯವಸ್ಥೆ ಇದರಲ್ಲಿಲ್ಲ. ಮುಂದಿನದನ್ನು ಕೊಳ್ಳುವಾಗ ಆ ವ್ಯವಸ್ಥೆ ಇರುವ, ವೈದ್ಯಕೀಯ ಉಪಕರಣವೆಂದು ಮಾರಾಟವಾಗುವ ಮಾದರಿಗೆ ಹೆಚ್ಚು ಹಣ ಕೊಡಲು ನಾವಿಬ್ಬರೂ ಒಪ್ಪಿಕೊಂಡಿದ್ದೇವೆ.